ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದ ಚೆಲುವು

ನಮ್ಮ ಊರುಗಳ ಹಳೆಯ ಬೀದಿಗಳಲ್ಲಿ ನಡೆಯುವಾಗ ಒಂದು ಬಗೆಯ ಕಬ್ಬಿಣದ ಗೇಟು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಕೆಳಗೆ ಅರ್ಧ ವೃತ್ತ, ಅದರಿಂದ ಬೀಸಣಿಗೆಯಂತೆ ಮೇಲಕ್ಕೆ ಹರಡಿದ ಸರಳುಗಳು. ನೋಡಿದ ಕೂಡಲೇ ಉದಯಿಸುವ ಸೂರ್ಯ ಎಂದು ಮಕ್ಕಳೂ ಹೇಳುತ್ತಾರೆ. ಅಂಥ ಗೇಟಿನ ಹಿಂದಿನ ಮನೆಯನ್ನು ನೋಡಿ. ಎದುರು ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಏರಿ ನೆತ್ತಿಯಲ್ಲಿ ಕಟ್ಟಿದ ವರ್ಷವನ್ನು ಹೊತ್ತಿರುತ್ತದೆ. ಬಾಲ್ಕನಿಯ ಮೂಲೆ ಚೂಪಾಗಿರದೆ ಉರುಟಾಗಿ ತಿರುಗಿರುತ್ತದೆ. ಒಳಗೆ ಹೋದರೆ ದುಂಡು ಕನ್ನಡಿಯ ಡ್ರೆಸ್ಸಿಂಗ್ ಟೇಬಲ್, ಅಂಚು ಬಾಗಿದ ಬೀರು, ಅಗಲವಾದ ಕೈಗಳ ಕುರ್ಚಿ. ಇದನ್ನೆಲ್ಲ ಯಾರು ಮಾಡಿದರು ಎಂದು ಕೇಳಿದರೆ, "ನಮ್ಮ ಅಜ್ಜ ಆಚಾರಿಯನ್ನು ಮನೆಯಲ್ಲೇ ಕೂರಿಸಿ ಮಾಡಿಸಿದ್ದು" ಎಂಬ ಉತ್ತರ ಬರುತ್ತದೆ.

ಆ ಆಚಾರಿಗೆ ಈ ಆಕಾರಗಳನ್ನು ಹೇಳಿಕೊಟ್ಟವರು ಯಾರು? ಚರಿತ್ರೆಯ ಪಾಠ ಹೇಳುತ್ತ ಮೂವತ್ತು ವರ್ಷ ಕಳೆದ ನನಗೆ ಈ ಪ್ರಶ್ನೆ ತಡವಾಗಿ ಹೊಳೆಯಿತು. ರಾಜರ ಇಸವಿ, ಯುದ್ಧದ ಕಾರಣ, ಒಪ್ಪಂದದ ಷರತ್ತು ಇವನ್ನು ಕಲಿಸುತ್ತೇವೆ. ನಾವು ದಿನವೂ ತಲೆ ಬಾಚಿಕೊಳ್ಳುವ ಕನ್ನಡಿಗೂ ಒಂದು ಚರಿತ್ರೆ ಇದೆಯೆಂದು ಪಠ್ಯಪುಸ್ತಕ ಹೇಳುವುದಿಲ್ಲ. ಹುಡುಕುತ್ತ ಹೋದಾಗ ದಾರಿ ನಮ್ಮ ಊರಿನಿಂದ ಮುಂಬಯಿಗೆ, ಅಲ್ಲಿಂದ ಪ್ಯಾರಿಸ್ಸಿಗೆ ಕರೆದುಕೊಂಡು ಹೋಯಿತು. ಈ ಶೈಲಿಗೆ ಆರ್ಟ್ ಡೆಕೊ ಎಂದು ಹೆಸರು. ನೂರು ವರ್ಷ ಹಳೆಯದಾದರೂ ಜನ ಇಂದಿಗೂ ಅದನ್ನು ಕಂಡು ಒಂದು ಕ್ಷಣ ನಿಲ್ಲುತ್ತಾರೆ. ಅದು ಏಕೆ ಎಂಬುದೇ ಈ ಬರಹದ ವಿಷಯ.

1925ರ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಪ್ಯಾರಿಸ್ಸಿನಲ್ಲಿ ಒಂದು ದೊಡ್ಡ ಪ್ರದರ್ಶನ ನಡೆಯಿತು. ಆಧುನಿಕ ಅಲಂಕಾರ ಕಲೆ ಮತ್ತು ಕೈಗಾರಿಕಾ ಕಲೆಗಳ ಅಂತರರಾಷ್ಟ್ರೀಯ ಪ್ರದರ್ಶನ ಎಂದು ಅದರ ಉದ್ದನೆಯ ಹೆಸರು. ಸೇನ್ ನದಿಯ ಎರಡೂ ದಂಡೆಗಳ ಮೇಲೆ ಮಂಟಪಗಳು ಎದ್ದವು. ಒಂದೂವರೆ ಕೋಟಿಗೂ ಹೆಚ್ಚು ಜನ ನೋಡಿದರು. ಒಳಗೆ ಇಡುವ ವಸ್ತುಗಳಿಗೆ ಒಂದೇ ಒಂದು ಕಟ್ಟಳೆಯಿತ್ತು: ಹಳೆಯ ಶೈಲಿಗಳ ನಕಲು ಕೂಡದು, ಹೊಸದಾಗಿರಬೇಕು. ಈ ಪ್ರದರ್ಶನವನ್ನು ಮೊದಲನೆಯ ಮಹಾಯುದ್ಧಕ್ಕೆ ಮುಂಚೆಯೇ ಯೋಚಿಸಿದ್ದರು. ಯುದ್ಧ ಬಂದು ಎಲ್ಲವೂ ಮುಂದಕ್ಕೆ ಹೋಯಿತು. ಹಾಗಾಗಿ ಅದನ್ನು ನೋಡಲು ಬಂದವರಲ್ಲಿ ಮಗನನ್ನೋ ಗಂಡನನ್ನೋ ಕಳೆದುಕೊಂಡವರು ಬಹಳ ಮಂದಿ. ಹೊಸದು ಬೇಕು ಎಂಬ ಅವರ ಹಂಬಲ ಬರಿಯ ಷೋಕಿಯಾಗಿರಲಿಲ್ಲ. ಹಳೆಯದು ಅವರನ್ನು ಎಲ್ಲಿಗೆ ತಂದು ನಿಲ್ಲಿಸಿತ್ತೆಂದು ಅವರು ಕಂಡಿದ್ದರು.

ಈ ಪ್ರದರ್ಶನಕ್ಕೆ ಅಮೆರಿಕವನ್ನೂ ಕರೆದಿದ್ದರು. ತೋರಿಸುವಂಥ ಹೊಸ ವಿನ್ಯಾಸ ನಮ್ಮ ದೇಶದಲ್ಲಿ ಇಲ್ಲ ಎಂದು ಆಗಿನ ಅಲ್ಲಿಯ ವಾಣಿಜ್ಯ ಕಾರ್ಯದರ್ಶಿ ಹರ್ಬರ್ಟ್ ಹೂವರ್ ಕರೆಯನ್ನು ಒಪ್ಪಲಿಲ್ಲ. ಐದೇ ವರ್ಷಗಳಲ್ಲಿ, 1930ರಲ್ಲಿ, ಅದೇ ಹೂವರ್ ಅಧ್ಯಕ್ಷರಾಗಿದ್ದಾಗ, ನ್ಯೂಯಾರ್ಕ್ ನಗರದಲ್ಲಿ ಕ್ರೈಸ್ಲರ್ ಕಟ್ಟಡ ಹೊಳೆಯುವ ಉಕ್ಕಿನ ಸೂರ್ಯಕಿರಣಗಳನ್ನು ತಲೆಯ ಮೇಲೆ ಹೊತ್ತು ನಿಂತಿತು! ಒಂದು ಶೈಲಿ ಎಷ್ಟು ಬೇಗ ಸಮುದ್ರ ದಾಟಿತು ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಪ್ಯಾರಿಸ್ಸಿನ ಆ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದ್ದು ಎಮಿಲ್ ಜಾಕ್ ರೂಲ್ಮನ್ ಎಂಬ ಪೀಠೋಪಕರಣ ವಿನ್ಯಾಸಕನ ಮಂಟಪವನ್ನು. ಇಂಡೊನೇಷ್ಯದ ಕಡೆಯಿಂದ ತರಿಸಿದ ಪಟ್ಟೆಪಟ್ಟೆಯ ಕರಿಮರ, ಅದರಲ್ಲಿ ಕೂದಲೆಳೆಯಂತೆ ಕೂರಿಸಿದ ದಂತದ ಗೆರೆ, ಕೆಳಗೆ ಹೋದಂತೆ ಸಣ್ಣಗಾಗುವ ಕಾಲುಗಳು. ಕೆಲವು ವಿನ್ಯಾಸಕರು ನಮ್ಮ ಕರಾವಳಿಯಲ್ಲಿ ತೊರಕೆ ಎನ್ನುವ ಮೀನಿನ ಜಾತಿಯ ಚರ್ಮವನ್ನು ಕೂಡ ಹದಮಾಡಿ ಪೆಟ್ಟಿಗೆಗಳಿಗೆ ಹೊದಿಸುತ್ತಿದ್ದರು. ಇವೆಲ್ಲ ಸಿರಿವಂತರ ವಸ್ತುಗಳು. ಸಾಮಾನ್ಯರು ನೋಡಿ ನಿಟ್ಟುಸಿರಿಟ್ಟು ಬರಬೇಕಾದವು. ಆರ್ಟ್ ಡೆಕೊ ಅಷ್ಟಕ್ಕೇ ನಿಂತಿದ್ದರೆ ಅದು ಇವತ್ತು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇರುತ್ತಿತ್ತು. ನಮ್ಮ ಬೀದಿಯ ಗೇಟಿನವರೆಗೆ ಬರುತ್ತಿರಲಿಲ್ಲ.

ಅದು ಇಳಿದು ಬಂದದ್ದಕ್ಕೆ ಕಾರಣ ಅದರ ಆಕಾರಗಳಲ್ಲೇ ಇದೆ. ಅಡ್ಡಗೆರೆ, ಉದ್ದಗೆರೆ, ಅರ್ಧವೃತ್ತ, ಮೆಟ್ಟಿಲು, ಅಂಕುಡೊಂಕು ಪಟ್ಟೆ. ಕಂಪಾಸು, ಅಡಿಪಟ್ಟಿ ಇದ್ದರೆ ಎಂಟನೆಯ ತರಗತಿಯ ಹುಡುಗಿಯೂ ಬರೆಯಬಹುದು. ಈ ಆಕಾರಗಳು ನಾನಾ ಕಡೆಗಳಿಂದ ಬಂದಂಥವು. 1922ರ ನವೆಂಬರ್‌ನಲ್ಲಿ ಈಜಿಪ್ಟಿನ ತುತನ್‌ಖಾಮನ್ ದೊರೆಯ ಸಮಾಧಿ ಪತ್ತೆಯಾದಾಗ ಲೋಕವೆಲ್ಲ ಈಜಿಪ್ಟಿನ ಹುಚ್ಚು ಹಿಡಿಸಿಕೊಂಡಿತು. ಕಮಲದ ಹೂವು, ಪಿರಮಿಡ್ಡಿನ ಮೆಟ್ಟಿಲು ಕುರ್ಚಿ ಮೇಜುಗಳ ಮೇಲೆ ಬಂದವು. ಜಪಾನಿನಿಂದ ಅರಗಿನಂತೆ ಹೊಳೆಯುವ ಲ್ಯಾಕರ್ ಕೆಲಸ ಬಂತು. ಹಡಗು, ರೈಲು, ವಿಮಾನಗಳಿಂದ ವೇಗದ ಗೆರೆಗಳು ಬಂದವು. ಹಿಂದಿನ ಕಾಲದ ಕುಸುರಿ ಕೆತ್ತನೆಗೆ ತಿಂಗಳುಗಟ್ಟಲೆ ಬೇಕಾಗಿತ್ತು. ಈ ಗೆರೆಗಳನ್ನಾದರೋ ಯಂತ್ರವೂ ತೆಗೆಯಬಲ್ಲದು, ಹಳ್ಳಿಯ ಬಡಗಿಯೂ ತೆಗೆಯಬಲ್ಲ.

ಹೆಂಗಸರು ಈ ಕಥೆಯಲ್ಲಿ ಎಲ್ಲಿದ್ದಾರೆ ಎಂದು ನೀವು ಕೇಳಬಹುದು. ಸಾಕಷ್ಟು ಇದ್ದಾರೆ. ಐರ್ಲೆಂಡಿನಲ್ಲಿ 1878ರಲ್ಲಿ ಹುಟ್ಟಿದ ಐಲೀನ್ ಗ್ರೇ ಪ್ಯಾರಿಸ್ಸಿಗೆ ಹೋಗಿ, ಸುಗವಾರ ಎಂಬ ಜಪಾನಿ ಕುಶಲಕರ್ಮಿಯಿಂದ ಲ್ಯಾಕರ್ ವಿದ್ಯೆ ಕಲಿತಳು. ಪದರದ ಮೇಲೆ ಪದರ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುವ ಕೆಲಸ ಅದು. ತಾಳ್ಮೆ ಇಲ್ಲದವರಿಗೆ ಒಗ್ಗದು. ಮುಂದೆ ಆಕೆ ಉಕ್ಕಿನ ಕೊಳವೆಯಲ್ಲಿ ಒಂದು ಪುಟ್ಟ ಮೇಜು ಮಾಡಿದಳು. ಎತ್ತರ ಏರಿಸಿ ಇಳಿಸಿ ಮಂಚದ ಮೇಲಕ್ಕೆ ಎಳೆದುಕೊಳ್ಳಬಹುದಾದ ಮೇಜು. ತಂಗಿ ಹಾಸಿಗೆಯಲ್ಲೇ ಕೂತು ತಿಂಡಿ ತಿನ್ನುವಾಗ ಚೂರುಗಳು ಹಾಸಿಗೆಯ ಮೇಲೆ ಬೀಳದಿರಲೆಂದು ಮಾಡಿದ್ದಂತೆ. ಹಾಸಿಗೆ ಕೊಡವುವ ಕೈಗೆ ಮಾತ್ರ ಹೊಳೆಯಬಹುದಾದ ಯೋಚನೆ! 98ನೆಯ ವಯಸ್ಸಿನಲ್ಲಿ, 1976ರಲ್ಲಿ, ಆಕೆ ತೀರಿಕೊಂಡಳು.

ಇನ್ನೊಬ್ಬಳು ಇಂಗ್ಲೆಂಡಿನ ಕ್ಲಾರಿಸ್ ಕ್ಲಿಫ್. ಬಡ ಮನೆತನ. ಹದಿಮೂರನೆಯ ವಯಸ್ಸಿಗೇ ಪಿಂಗಾಣಿ ಕಾರ್ಖಾನೆ ಸೇರಿದವಳು. 1927ರ ಹೊತ್ತಿಗೆ ಅವಳ ಕಾರ್ಖಾನೆಯಲ್ಲಿ ಲೋಪವಿದ್ದ ಹಳೆಯ ಪಾತ್ರೆಗಳ ರಾಶಿ ಬಿದ್ದಿತ್ತು. ಕ್ಲಾರಿಸ್ ಅವುಗಳ ಮೇಲೆ ಕಿತ್ತಳೆ, ಹಳದಿ, ಹಸಿರು ತ್ರಿಕೋನಗಳನ್ನು ದಪ್ಪ ಕುಂಚದಲ್ಲಿ ಬಳಿದು ಲೋಪವನ್ನು ಮುಚ್ಚಿದಳು. 'ಬಿಜಾರ್' ಎಂದು, ಎಂದರೆ ವಿಚಿತ್ರ ಎಂದು, ತಾನೇ ಅದಕ್ಕೆ ಹೆಸರಿಟ್ಟಳು. ಪಾತ್ರೆಗಳು ಬಿಸಿ ದೋಸೆಯಂತೆ ಖರ್ಚಾದವು. ಮುಂದೆ ಹತ್ತಾರು ಹುಡುಗಿಯರು ಅವಳ ಕೈಕೆಳಗೆ ಬಣ್ಣ ಹಾಕಿ ಸಂಬಳ ಎಣಿಸಿದರು. ರೂಲ್ಮನ್ನನ ಮೇಜು ಕೊಳ್ಳಲಾರದ ಮನೆಯಾಕೆ ಕ್ಲಾರಿಸ್ಸಳ ಒಂದು ಸಕ್ಕರೆ ಪಾತ್ರೆಯನ್ನಾದರೂ ಕೊಂಡು ತನ್ನ ಕಪಾಟಿನಲ್ಲಿ ಇಡಬಲ್ಲವಳಾದಳು.

ನ್ಯೂಜಿಲೆಂಡಿನ ನೇಪಿಯರ್ ಎಂಬ ಊರಿಗೆ ಈ ಶೈಲಿ ಬಂದ ಬಗೆ ಬೇರೆ. 1931ರ ಫೆಬ್ರವರಿ 3ರಂದು ಆ ಸೀಮೆಯಲ್ಲಿ ಭೂಕಂಪವಾಗಿ 256 ಜನ ಸತ್ತರು. ಕಂಪನಕ್ಕೆ ಕಳಚಿ ಬಿದ್ದ ಹಳೆಯ ಕಟ್ಟಡಗಳ ಭಾರವಾದ ಅಲಂಕಾರಗಳೂ ಬೀದಿಯಲ್ಲಿದ್ದವರ ಜೀವ ತೆಗೆದಿದ್ದವು. ಊರನ್ನು ಮತ್ತೆ ಕಟ್ಟುವಾಗ ಅವರು ಕಾಂಕ್ರೀಟಿನ ಆರ್ಟ್ ಡೆಕೊ ಆರಿಸಿಕೊಂಡರು. ಖರ್ಚು ಕಡಿಮೆ, ಅಲಂಕಾರವೆಲ್ಲ ಗೋಡೆಗೆ ಅಂಟಿದ್ದು, ಕಳಚಿ ಬೀಳುವಂಥದ್ದು ಏನೂ ಇಲ್ಲ. ಎರಡು ಮೂರು ವರ್ಷಗಳಲ್ಲಿ ಊರು ಎದ್ದು ನಿಂತಿತು. ಸೂರ್ಯೋದಯದ ಚಿತ್ರ ಅಂಥ ಊರಿನ ಗೋಡೆಯ ಮೇಲೆ ಯಾಕೆ ಬೇಕಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿಗೆ ಈ ಶೈಲಿ ಎರಡು ಬಾಗಿಲುಗಳಿಂದ ಬಂತು. ಒಂದು ಅರಮನೆಯ ಬಾಗಿಲು. ಇಂದೋರಿನ ಯುವ ಮಹಾರಾಜ ಯಶವಂತರಾವ್ ಹೋಳ್ಕರ್ 1930ರ ಸುಮಾರಿಗೆ ಎಕಾರ್ಟ್ ಮುಥೇಸಿಯಸ್ ಎಂಬ ಜರ್ಮನ್ ಶಿಲ್ಪಿಯಿಂದ ಮಾಣಿಕ್ ಬಾಗ್ ಅರಮನೆ ಕಟ್ಟಿಸಿದರು. ರೂಲ್ಮನ್ನನ ಬರೆಯುವ ಮೇಜು, ಐಲೀನ್ ಗ್ರೇಯ ಕುರ್ಚಿ ಅಲ್ಲಿಗೆ ಬಂದವು. ರಾಜ್ಯ ಹೋಯಿತು, ಕಾಲ ಬದಲಾಯಿತು, ಅರಮನೆ ಸರ್ಕಾರಿ ಕಚೇರಿಯಾಯಿತು. 1980ರಲ್ಲಿ ಆ ಪೀಠೋಪಕರಣಗಳು ಮೊನಾಕೊದಲ್ಲಿ ಹರಾಜಾಗಿ ಲೋಕದ ನಾನಾ ಮೂಲೆಗಳಿಗೆ ಚದುರಿದವು.

ಜೋಧಪುರದ ಉಮೇದ್ ಭವನದ್ದು ಬೇರೆಯೇ ಕಥೆ. ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲೆಂದು 1929ರಲ್ಲಿ ಅಡಿಗಲ್ಲು ಹಾಕಿ ಆರಂಭಿಸಿದ ಆ ಅರಮನೆ ಮುಗಿದದ್ದು 1943ರಲ್ಲಿ. ಲಂಡನ್ನಿನಿಂದ ಹೊರಟಿದ್ದ ಅದರ ಪೀಠೋಪಕರಣಗಳು ಎರಡನೆಯ ಮಹಾಯುದ್ಧದಲ್ಲಿ ಹಡಗಿನೊಂದಿಗೆ ಸಮುದ್ರದ ಪಾಲಾದವು. ಯುದ್ಧದಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದಿದ್ದ ಪೋಲೆಂಡಿನ ಕಲಾವಿದ ಸ್ಟೀಫನ್ ನೋರ್ಬ್ಲಿನ್ ಹೊಸ ನಕ್ಷೆಗಳನ್ನು ಬರೆದುಕೊಟ್ಟ. ಅಲ್ಲಿಯ ಬಡಗಿಗಳೇ ಮಾಡಿದರು. ಪ್ಯಾರಿಸ್ಸಿನಲ್ಲಿ ಹುಟ್ಟಿದ ಗೆರೆ ಜೋಧಪುರದ ಉಳಿಗೂ ಸಲೀಸಾಗಿ ಒಲಿಯಿತು.

ಎರಡನೆಯದು ಬಾಡಿಗೆ ಮನೆಯ ಬಾಗಿಲು. ಅದು ತೆರೆದದ್ದು ಮುಂಬಯಿಯಲ್ಲಿ. ಸಮುದ್ರವನ್ನು ಹಿಂದೆ ಸರಿಸಿ ಪಡೆದ ನೆಲದ ಮೇಲೆ 1930ರ ದಶಕದಲ್ಲಿ ಮೆರೀನ್ ಡ್ರೈವ್ ಮತ್ತು ಓವಲ್ ಮೈದಾನದ ಪಡುವಣ ಬದಿಯ ಕಟ್ಟಡಗಳು ಎದ್ದವು. ಓವಲ್ ಮೈದಾನದ ನಡುವೆ ನಿಂತು ನೋಡಿದರೆ ಚರಿತ್ರೆಯ ಎರಡು ಅಧ್ಯಾಯಗಳು ಎದುರು ಬದುರು ಕಾಣುತ್ತವೆ. ಮೂಡಣಕ್ಕೆ ಹೈಕೋರ್ಟು, ರಾಜಾಬಾಯಿ ಗೋಪುರ: ಕಲ್ಲಿನ ಗಾಥಿಕ್ ಕಟ್ಟಡಗಳು, ಆಳುವವರ ಗತ್ತು. ಪಡುವಣಕ್ಕೆ ಬಾಲ್ಕನಿಗಳಲ್ಲಿ ಸೀರೆ ಒಣಗುವ ಮನೆಗಳು. ಇವುಗಳಲ್ಲಿ ಬಹುಪಾಲನ್ನು ಬರೆದ ಶಿಲ್ಪಿಗಳೂ, ಹಣ ಹಾಕಿದವರೂ, ಬಾಡಿಗೆಗೆ ಬಂದವರೂ ಭಾರತೀಯರು. 1936ರ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಟ್ಟಡದ ಮೇಲೆ ಶಿಲ್ಪಿ ಪಾನ್ಸರೆಯವರು ದೇವದೂತರನ್ನು ಕೆತ್ತಲಿಲ್ಲ, ನಮ್ಮ ಹೊಲದವರನ್ನೂ ದುಡಿಯುವವರನ್ನೂ ನಿಲ್ಲಿಸಿದರು. 1933ರ ರೀಗಲ್, 1938ರ ಇರೋಸ್ ಚಿತ್ರಮಂದಿರಗಳು ಈ ಶೈಲಿಯನ್ನು ಟಿಕೆಟಿನ ಬೆಲೆಗೆ ಎಲ್ಲರಿಗೂ ತೋರಿಸಿದವು. ಸಿನಿಮಾ ನೋಡಿ ಬಂದವರು ತಮ್ಮ ಊರಿನ ಮೇಸ್ತ್ರಿಗೆ, ಆಚಾರಿಗೆ, "ಹಾಗೆ ಮಾಡಿಕೊಡು" ಎಂದರು. ನಮ್ಮ ಬೀದಿಯ ಸೂರ್ಯ ಬಂದ ದಾರಿ ಇದೇ ಎಂದು ನನ್ನ ಎಣಿಕೆ.

ಮುಂಬಯಿಯವರು ಅದನ್ನು ತಮ್ಮ ಮಳೆ ಬಿಸಿಲಿಗೆ ಹೊಂದಿಸಿಕೊಂಡರು. ಕಿಟಕಿಯ ನೆತ್ತಿಯ ಮೇಲೆ ಹುಬ್ಬಿನಂತೆ ಗೋಡೆಯುದ್ದಕ್ಕೂ ಓಡುವ ಸಜ್ಜಾ ನೋಡಲು ಹಡಗಿನ ಗೆರೆ; ಕೆಲಸದಲ್ಲಿ ಇರಿಚಲು ತಡೆಯುವ ಮಾಡು. ನೆಲಕ್ಕೆ ಮೊಸಾಯಿಕ್ ಬಂತು, ಸ್ವದೇಶಿ ಚಳವಳಿಯ ಹುರುಪಿನಲ್ಲಿ 1922ರಲ್ಲಿ ಮುಂಬಯಿಯಲ್ಲೇ ಶುರುವಾದ ಭಾರತ್ ಕಂಪನಿಯ ಬಣ್ಣದ ಟೈಲ್ಸುಗಳು ಬಂದವು. ಸೆಗಣಿ ಸಾರಿಸಿ, ಕಲ್ಲುನೆಲ ಉಜ್ಜಿ ನಡು ನೋಯಿಸಿಕೊಂಡ ಹೆಂಗಸರಿಗೆ ಒಂದು ಒದ್ದೆ ಬಟ್ಟೆಗೆ ಹೊಳೆಯುವ ನೆಲ ಎಷ್ಟು ದೊಡ್ಡ ಸಂಗತಿ ಎನ್ನುವುದನ್ನು ಕಲಾವಿಮರ್ಶಕರು ಬರೆಯುವುದಿಲ್ಲ. 1937ರ ನವೆಂಬರ್‌ನಲ್ಲಿ ವಾಸ್ತುಶಿಲ್ಪಿಗಳ ಸಂಘ ಮುಂಬಯಿಯ ಟೌನ್ ಹಾಲಿನಲ್ಲಿ 'ಆದರ್ಶ ಗೃಹ' ಪ್ರದರ್ಶನವನ್ನೇ ಏರ್ಪಡಿಸಿತು. ಅಡುಗೆಮನೆ ಹೇಗಿರಬೇಕು, ಬಚ್ಚಲು ಎಲ್ಲಿರಬೇಕು ಎನ್ನುವುದು ಸಾರ್ವಜನಿಕ ಚರ್ಚೆಯ ವಿಷಯವಾಯಿತು.

ದಾದರ್, ಮಾಟುಂಗಾಗಳಲ್ಲಿ ಈ ಶೈಲಿ ಮಧ್ಯಮ ವರ್ಗದವರ ಕೈಗೆ ಎಟುಕಿತು. 1896ರ ಪ್ಲೇಗಿನ ಬಳಿಕ ಹುಟ್ಟಿದ ಮುಂಬಯಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಲ್ಲಿ ಅಗಲ ಬೀದಿಗಳನ್ನೂ ತೋಟಗಳನ್ನೂ ಹಾಕಿತ್ತು. ದಕ್ಷಿಣದಿಂದ ಗುಮಾಸ್ತಿಕೆಗೆ, ಹೋಟೆಲಿಗೆ, ರೈಲ್ವೆಗೆ ಹೋದ ನಮ್ಮವರು ನೆಲೆಯೂರಿದ್ದು ಅಲ್ಲಿ. ಮೈಸೂರು ಅಸೋಸಿಯೇಷನ್ ಇರುವುದೂ ಅಲ್ಲಿಯೇ. ಚಾಳಿನಲ್ಲಿ ಹತ್ತಾರು ಮನೆಗಳಿಗೆ ಒಂದು ನಲ್ಲಿ, ಮಹಡಿಯ ತುದಿಯಲ್ಲಿ ಪಾಯಿಖಾನೆ. ಮಾಟುಂಗಾದ ಹೊಸ ಫ್ಲ್ಯಾಟಿನಲ್ಲಿ ಇವೆಲ್ಲ ತನ್ನದೇ ಬಾಗಿಲಿನ ಒಳಗೆ. ಮಡಿ ಮೈಲಿಗೆಯವರು ಮೊದಲು ಮೂಗು ಮುರಿದರಂತೆ. ರಾತ್ರಿ ಹೊತ್ತು ಮಗುವನ್ನೆತ್ತಿಕೊಂಡು ಓಣಿಯ ಕೊನೆಗೆ ಹೋಗಬೇಕಾಗಿದ್ದ ಹೆಂಗಸರು ಮುರಿಯಲಿಲ್ಲ.

ನನ್ನ ದೊಡ್ಡಮ್ಮ ಅಂಥ ಒಂದು ಫ್ಲ್ಯಾಟಿಗೆ ಹೋದದ್ದು 1958ರಲ್ಲಿ. ಅದಕ್ಕೆ ಮೊದಲು ಮೂರು ವರ್ಷ ಪರೇಲಿನ ಚಾಳಿನಲ್ಲಿ, ಒಂದೇ ಕೋಣೆಯಲ್ಲಿ ಏಳು ಜನ. ಊರು ಬಿಟ್ಟು ಹೊರಟಿದ್ದ ಒಂದು ಪಾರ್ಸಿ ಕುಟುಂಬದಿಂದ ದೊಡ್ಡಪ್ಪ ಕಡಿಮೆ ಬೆಲೆಗೆ ಒಂದು ಬೀರು, ಎರಡು ಕುರ್ಚಿ, ಒಂದು ಡ್ರೆಸ್ಸಿಂಗ್ ಟೇಬಲ್ ತಂದರು. ಶಾಲೆಯ ರಜೆಗೆ ನಾವು ಮಕ್ಕಳು ಅಲ್ಲಿಗೆ ಹೋದಾಗ ನನ್ನ ಕಣ್ಣು ಹೋಗುತ್ತಿದ್ದದ್ದು ಆ ಮೇಜಿನ ಮೇಲೆ. ಚಂದ್ರನಂತೆ ದೊಡ್ಡ ದುಂಡು ಕನ್ನಡಿ. ಎಡಕ್ಕೆ ಎತ್ತರದ ಸೆಳೆಖಾನೆಗಳ ಸಾಲು, ಬಲಕ್ಕೆ ತಗ್ಗಿನದು, ನಡುವೆ ಇನ್ನೂ ತಗ್ಗಿನ ಹಲಗೆ: ಇಳಿದು ಏರುವ ಮೆಟ್ಟಿಲಿನ ಹಾಗೆ. ಒಂದೇ ದಿಮ್ಮಿಯಿಂದ ಸೀಳಿದ ತೆಳು ಹಾಳೆಗಳನ್ನು ಪುಸ್ತಕ ತೆರೆದಂತೆ ಜೋಡಿಸಿದ್ದರಿಂದ ಮರದ ಎಳೆಗಳು ಎರಡೂ ಕಡೆ ಸಮನಾಗಿ ಹರಡಿದ್ದವು. ಬಡಗಿಗಳು ಇದಕ್ಕೆ ವಿನಿಯರ್ ಎನ್ನುತ್ತಾರೆ. ಕೆತ್ತನೆ ಎನ್ನುವುದು ಎಲ್ಲಿಯೂ ಇರಲಿಲ್ಲ. ಮರದ ಎಳೆಯೇ ಅಲಂಕಾರ.

ಈ ನಡುವೆ ಲೋಕ ಆ ಶೈಲಿಯನ್ನು ಮರೆತುಬಿಟ್ಟಿತ್ತು. ಎರಡನೆಯ ಯುದ್ಧದ ಅನಂತರ ಬರಿಯ ಗಾಜು, ಉಕ್ಕಿನ ಪೆಟ್ಟಿಗೆಯಂಥ ಕಟ್ಟಡಗಳ ಕಾಲ ಬಂತು. ಸೂರ್ಯಕಿರಣ, ಮೆಟ್ಟಿಲು ಇವು ಹಳಸಲೆನಿಸಿದವು. ಅದಕ್ಕೆ ಒಂದು ನೆಟ್ಟಗಿನ ಹೆಸರೂ ಇರಲಿಲ್ಲ. 1966ರಲ್ಲಿ ಪ್ಯಾರಿಸ್ಸಿನಲ್ಲಿ ಹಳೆಯ ಪ್ರದರ್ಶನವನ್ನು ನೆನೆಯುವ ಒಂದು ಪ್ರದರ್ಶನ ನಡೆಯಿತು. 1968ರಲ್ಲಿ ಇಂಗ್ಲೆಂಡಿನ ಬೆವಿಸ್ ಹಿಲಿಯರ್ ಬರೆದ ಪುಸ್ತಕದಿಂದ ಆರ್ಟ್ ಡೆಕೊ ಎಂಬ ಮಾತು ಬಳಕೆಗೆ ಬಿತ್ತು. ಹುಟ್ಟಿ ನಲವತ್ತು ವರ್ಷದ ಮೇಲೆ ನಾಮಕರಣ!

ಹೆಸರು ಬಂದ ಮೇಲೆ ಕಾಪಾಡುವವರೂ ಬಂದರು. ಅಮೆರಿಕದ ಮಯಾಮಿ ಬೀಚಿನಲ್ಲಿ 1930ರ ದಶಕದ ಚಿಕ್ಕ ಚಿಕ್ಕ ಹೋಟೆಲುಗಳು ಬಣ್ಣಗೆಟ್ಟು, ಬಡ ಮುದುಕ ಮುದುಕಿಯರ ಬಾಡಿಗೆ ಕೋಣೆಗಳಾಗಿ, ಕೆಡವಲು ಕಾದಿದ್ದವು. ಐವತ್ತು ದಾಟಿದ್ದ ಬಾರ್ಬರಾ ಕ್ಯಾಪಿಟ್‌ಮನ್ ಎಂಬ ವಿಧವೆ 1976ರಲ್ಲಿ ಅವುಗಳನ್ನು ಉಳಿಸಲು ಒಂದು ಸಂಘ ಕಟ್ಟಿದಳು. ಇಷ್ಟು ಈಚಿನ ಕಟ್ಟಡ ಚರಿತ್ರೆ ಹೇಗಾದೀತು ಎಂದು ಕೇಳುವವರ ಬಾಯಿ ಮುಚ್ಚಿಸಿ, ಬುಲ್‌ಡೋಜರಿಗೆ ಎದುರಾಗಿ ನಿಂತು ಹೋರಾಡಿದಳು. 1979ರಲ್ಲಿ ಆ ಪ್ರದೇಶ ರಾಷ್ಟ್ರೀಯ ಪಟ್ಟಿಗೆ ಸೇರಿತು. ನಮ್ಮ ಮುಂಬಯಿಯ ಸರದಿ ಬಂದದ್ದು 2018ರ ಜೂನ್ 30ರಂದು. ಓವಲ್ ಮೈದಾನದ ಎರಡೂ ಬದಿಯ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳನ್ನು, ಮೆರೀನ್ ಡ್ರೈವಿನವನ್ನೂ ಸೇರಿಸಿ ಒಟ್ಟು 94 ಕಟ್ಟಡಗಳನ್ನು, ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಅಲ್ಲಿಯ ನಿವಾಸಿಗಳ ಸಂಘಗಳೂ ಇದ್ದವು.

ಬೆಲೆಯ ಮಾತಿಗೆ ಬಂದರೆ, ಐಲೀನ್ ಗ್ರೇಯ ಒಂದು ಕುರ್ಚಿ 2009ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 2 ಕೋಟಿ 19 ಲಕ್ಷ ಯೂರೊಗಳಿಗೆ ಹೋಯಿತು. ಕೇಳಿದಾಗ ತಲೆ ತಿರುಗುತ್ತದೆ. ಆದರೆ ಯುನೆಸ್ಕೊ ಪಟ್ಟಿ ಮಾಟುಂಗಾದವರೆಗೆ ಬರುವುದಿಲ್ಲ, ಪ್ಯಾರಿಸ್ಸಿನ ಹರಾಜು ನಮ್ಮ ಮನೆಯ ಬೀರುವನ್ನು ಕಾಯುವುದಿಲ್ಲ. ದೊಡ್ಡಮ್ಮನ ಕಟ್ಟಡದ ಮುಂದೆಯೂ ಕೆಲವು ವರ್ಷಗಳ ಹಿಂದೆ ರೀಡೆವಲಪ್‌ಮೆಂಟಿನ ಪ್ರಶ್ನೆ ಬಂತು. ಛಾವಣಿ ಸೋರುತ್ತಿತ್ತು, ಕಂಬದ ಕಬ್ಬಿಣ ತುಕ್ಕು ಹಿಡಿದು ಗಾರೆಯಿಂದ ಹೊರಗೆ ಇಣುಕುತ್ತಿತ್ತು, ಲಿಫ್ಟು ಇರಲಿಲ್ಲ. ಮೂರನೆಯ ಮಹಡಿ ಹತ್ತಲಾರದ ಮುದುಕರು ತಿಂಗಳುಗಟ್ಟಲೆ ಕೆಳಗಿಳಿಯುತ್ತಿರಲಿಲ್ಲ. ದೂರದಲ್ಲಿ ಕೂತು "ಹಳೆಯದನ್ನು ಉಳಿಸಿ" ಎಂದು ಹೇಳುವುದು ನನಗೆ ಸುಲಭ. ಹತ್ತಿ ಇಳಿಯುವ ಮೊಣಕಾಲು ಅವರದು. ಹಾಗಾಗಿ ಅಣ್ಣಂದಿರು ಒಪ್ಪಿ ಸಹಿ ಹಾಕಿದಾಗ ನನಗೆ ಎದುರಾಡುವ ಮಾತಿರಲಿಲ್ಲ.

ಸಾಮಾನು ಕಟ್ಟುವ ಹೊತ್ತಿಗೆ ನಾನೂ ಹೋಗಿದ್ದೆ. ಚೋರ್ ಬಜಾರಿನಿಂದ ಒಬ್ಬ ವ್ಯಾಪಾರಿ ಬಂದು ಬೀರು, ಕುರ್ಚಿಗಳನ್ನು ತಟ್ಟಿ ನೋಡಿ ಬೆಲೆ ಕಟ್ಟಿದ. ಡ್ರೆಸ್ಸಿಂಗ್ ಟೇಬಲ್ಲಿಗೆ ಎಲ್ಲಕ್ಕಿಂತ ಹೆಚ್ಚು ಹೇಳಿದ. ಅಣ್ಣ ಅಮ್ಮನ ಮುಖ ನೋಡಿದ. ಎಂಬತ್ತು ದಾಟಿದ ದೊಡ್ಡಮ್ಮ ಅದರ ಎಡಗಡೆಯ ಸೆಳೆಖಾನೆಯ ಪುಟ್ಟ ಬೀಗದ ಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. "ನೋಡು ಮಗಾ, ಚಾಳಿನಲ್ಲಿ ಇದ್ದಾಗ ನಂದು ಅಂತ ಹೇಳ್ಲಿಕ್ಕೆ ಒಂದು ಟ್ರಂಕು ಸಹ ಇರ್ಲಿಲ್ಲ. ಅಮ್ಮ ಬರೆದ ಕಾಗದ ಅತ್ತೆ ಓದಿದ ಮೇಲೆ ನನ್ನ ಕೈಗೆ ಬರ್ತಿತ್ತು. ಈ ಮೇಜು ಬಂದ ಮೇಲೆ ನನಗೆ ಅಂತ ಒಂದು ಬೀಗ ಆಯ್ತು. ಬೀರು ಕೊಡಿ, ಕುರ್ಚಿ ಕೊಡಿ. ಇದು ಬೇಡ" ಎಂದರು. ಸೆಳೆಖಾನೆಯಲ್ಲಿ ಏನಿದೆಯೆಂದು ನಾನು ಕೇಳಲಿಲ್ಲ, ಅವರು ತೆರೆಯಲೂ ಇಲ್ಲ. ಬೀರು, ಕುರ್ಚಿಗಳು ಕೈಗಾಡಿಯಲ್ಲಿ ಹೋದವು. ಹೊಸ ಫ್ಲ್ಯಾಟಿನ ನಕ್ಷೆ ಬಂದಾಗ ದೊಡ್ಡಮ್ಮ ಮಗನ ಕೈಯಲ್ಲಿ ಮೊದಲು ಅಳೆಯಿಸಿದ್ದು ಆ ಮೇಜಿಗೆ ಗೋಡೆ ಎಲ್ಲಿದೆ ಎನ್ನುವುದನ್ನು.

ಆರ್ಟ್ ಡೆಕೊದ ಆಕರ್ಷಣೆ ಏಕೆ ಮಾಸಿಲ್ಲ ಎನ್ನುವುದಕ್ಕೆ ತಿಳಿದವರು ಹಲವು ಕಾರಣ ಕೊಡುತ್ತಾರೆ: ಸಮತೋಲ, ಒಳ್ಳೆಯ ಮರ, ಕೈಕೆಲಸ ಮತ್ತು ಯಂತ್ರದ ಹೊಂದಾಣಿಕೆ. ಎಲ್ಲವೂ ನಿಜ. ನನಗೆ ಕಾಣುವ ಕಾರಣ ಇನ್ನೊಂದಿದೆ. ಅರಮನೆಯ ಕುರ್ಚಿಗೂ ಗುಮಾಸ್ತನ ಮನೆಯ ಕುರ್ಚಿಗೂ ಒಂದೇ ಗೆರೆಯನ್ನು ಕೊಟ್ಟ ಶೈಲಿ ಇದು. ಮರ ಬೇರೆ, ಬೆಲೆ ಬೇರೆ, ಗೆರೆ ಒಂದೇ. ಯುದ್ಧದಿಂದ, ಭೂಕಂಪದಿಂದ, ಚಾಳಿನ ಒಂದು ಕೋಣೆಯಿಂದ ಹೊರಗೆ ಬಂದವರು ತಮ್ಮ ಮುಂದಿನ ದಿನಗಳು ಒಳ್ಳೆಯವಾಗಿರುತ್ತವೆ ಎಂದು ನಂಬಿ ಕೊಂಡ ವಸ್ತುಗಳು ಇವು. ಆ ನಂಬಿಕೆ ಮರದಲ್ಲಿ, ಗಾರೆಯಲ್ಲಿ ಹಾಗೇ ಕೂತಿದೆ.

ನಿಮ್ಮ ಮನೆಯಲ್ಲೂ ಅಂಥ ಒಂದು ಮೇಜೋ ಬೀರುವೋ ಇರಬಹುದು. ಮಗನ ಮದುವೆಗೆ ಸುಣ್ಣ ಬಣ್ಣ ಮಾಡಿಸುವಾಗ ಅದಕ್ಕೂ ಪೇಂಟು ಹೊಡೆಸಬೇಡಿ. ವಿನಿಯರಿನ ಎಳೆಗಳು ಮುಚ್ಚಿಹೋಗುತ್ತವೆ. ಒದ್ದೆ ಬಟ್ಟೆಯಿಂದ ತಿಕ್ಕಬೇಡಿ. ಅಂಟು ಬಿಟ್ಟು ಹಾಳೆ ಏಳುತ್ತದೆ. ಕಿಟಕಿಯ ಬಿಸಿಲಿನಿಂದ ದೂರ ಇಡಿ. ಮೆರುಗು ಹೋಗಿದ್ದರೆ ಅರಗಿನ ಫ್ರೆಂಚ್ ಪಾಲಿಶ್ ಬಲ್ಲ ಹಳೆಯ ಆಚಾರಿಗಳು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರು ಇರುವಾಗಲೇ ಮಾಡಿಸಿಬಿಡಿ. ಕೊಡಲೇಬೇಕಾಗಿ ಬಂದರೆ ಕೊಡಿ, ಅದರಲ್ಲಿ ತಪ್ಪಿಲ್ಲ. ಕೊಡುವ ಮೊದಲು ಮನೆಯ ಹಿರಿಯ ಹೆಂಗಸನ್ನು ಒಂದು ಮಾತು ಕೇಳಿ, ಅದು ಯಾವಾಗ ಬಂತು, ಆಗ ಅವರಿಗೆ ಹೇಗನ್ನಿಸಿತು ಎಂದು. ಅವರು ಹೇಳುವುದನ್ನು ಒಂದು ಹಾಳೆಯಲ್ಲಿ ಇಸವಿ ಸಹಿತ ಬರೆದಿಡಿ.